ಸಿಡುಬಿನ ಲಸಿಕೆಯ ವೈದ್ಯ ಡಾ. ಪಲ್ಪು

ಮಕ್ಕಳೇ, ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ಅಜ್ಜಿಯ ಅಥವಾ ತಾತನ ತೋಳನ್ನು ಸ್ವಲ್ಪ ಗಮನಿಸಿ ನೋಡಿ. ದುಂಡಗೆ, ನಾಲ್ಕಾಣೆಯಷ್ಟು ಅಗಲಕ್ಕೆ, ಒಳಕ್ಕೆ ಕುಸಿದಂತಿರುವ ಒಂದೋ ಎರಡೋ ಕಲೆಗಳು ಕಾಣಬಹುದು. ಅವು ಸಿಡುಬಿನ ಲಸಿಕೆಯ ಗುರುತುಗಳು. ನಿಮ್ಮ ಎಡತೋಳಿನ ಮೇಲೂ ಒಂದು ಚಿಕ್ಕ ಕಲೆ ಇರಬಹುದು. ಆದರೆ ಅದು ಬೇರೆ, ಅದು ಕ್ಷಯರೋಗದ ವಿರುದ್ಧ ಹಾಕುವ ಬಿ.ಸಿ.ಜಿ. ಲಸಿಕೆಯದು. ಸಿಡುಬಿನ ಲಸಿಕೆಯನ್ನು ಈಗ ಯಾವ ಮಗುವಿಗೂ ಹಾಕುವುದಿಲ್ಲ. ಏಕೆಂದರೆ ಆ ರೋಗವೇ ಈಗ ಇಲ್ಲ. ನಮ್ಮ ದೇಶದಲ್ಲಿ ಅದು ಕೊನೆಯ ಬಾರಿ ಕಂಡದ್ದು 1975ರಲ್ಲಿ. ಇಡೀ ಪ್ರಪಂಚದಿಂದ ಸಿಡುಬು ತೊಲಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು.

ಆ ಲಸಿಕೆಗೆ ನಮ್ಮ ಹಿರಿಯರು ದಾಕು ಎನ್ನುತ್ತಿದ್ದರು. ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳು ಕಣಜದ ಹಿಂದೆ, ಹುಲ್ಲಿನ ಮೆದೆಯ ಹಿಂದೆ ಅವಿತುಕೊಳ್ಳುತ್ತಿದ್ದ ಕಥೆಗಳನ್ನು ನಿಮ್ಮ ಮನೆಯ ಹಿರಿಯರು ಹೇಳಬಹುದು, ಕೇಳಿ ನೋಡಿ. ಹಾಗೆ ಊರೂರಿಗೆ ಬರುತ್ತಿದ್ದ ಲಸಿಕೆ ಎಲ್ಲಿ ತಯಾರಾಗುತ್ತಿತ್ತು? ಮೈಸೂರು ಸಂಸ್ಥಾನದಲ್ಲಿ ನೂರ ಮೂವತ್ತು ವರ್ಷಗಳ ಹಿಂದೆ ಆ ಕೆಲಸದಲ್ಲಿ ತೊಡಗಿದ್ದವರಲ್ಲಿ ಒಬ್ಬ ಯುವ ವೈದ್ಯರಿದ್ದರು. ಅವರ ಹೆಸರು ಪದ್ಮನಾಭನ್ ಪಲ್ಪು. ಎಲ್ಲರೂ ಕರೆಯುತ್ತಿದ್ದುದು ಡಾ. ಪಲ್ಪು ಎಂದು.

ಪಲ್ಪು ಕನ್ನಡದವರಲ್ಲ. ಬೆಂಗಳೂರಿಗೆ ಬಂದು ಇಲ್ಲಿ ವೈದ್ಯರಾಗಬೇಕೆಂದು ಅವರು ಚಿಕ್ಕಂದಿನಲ್ಲಿ ಕನಸು ಕಂಡವರೂ ಅಲ್ಲ. ಅವರ ಸ್ವಂತ ಊರಿನಲ್ಲಿ ವೈದ್ಯ ಕಲಿಯಲು ಬಿಡಲಿಲ್ಲ. ಕಲಿತು ಬಂದ ಮೇಲೆ ಕೆಲಸವನ್ನೂ ಕೊಡಲಿಲ್ಲ. ಆದ್ದರಿಂದ ಅವರು ಇಲ್ಲಿಗೆ ಬಂದರು. ಹೇಗೆಂದು ನೋಡೋಣ.

ಪಲ್ಪು ಹುಟ್ಟಿದ್ದು 1863ರ ನವೆಂಬರ್ 2ರಂದು, ತಿರುವನಂತಪುರದ ಪೇಟ್ಟ ಎಂಬಲ್ಲಿ. ಅದು ಆಗ ತಿರುವಾಂಕೂರು ಎಂಬ ರಾಜ್ಯದ ರಾಜಧಾನಿ. ನಮ್ಮಲ್ಲಿ ಮೈಸೂರು ಮಹಾರಾಜರು ಇದ್ದಂತೆ ಅಲ್ಲಿ ತಿರುವಾಂಕೂರಿನ ಮಹಾರಾಜರು. ಪಲ್ಪು ಅವರದು ಈಳವ ಜಾತಿ. ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು, ತೆಂಗಿನ ನಾರಿನಿಂದ ಹಗ್ಗ ಹೊಸೆಯುವುದು, ಬೇಸಾಯ ಇವು ಆ ಜನರ ಮುಖ್ಯ ಕಸುಬುಗಳಾಗಿದ್ದವು. ಇನ್ನೊಂದು ಕಸುಬೂ ಇತ್ತು, ಅದು ನಾಟಿ ವೈದ್ಯ. ಹದಿನೇಳನೆಯ ಶತಮಾನದಲ್ಲಿ ಕೇರಳದ ಗಿಡಮೂಲಿಕೆಗಳ ಬಗ್ಗೆ ಡಚ್ಚರು ಹನ್ನೆರಡು ಸಂಪುಟಗಳ ದೊಡ್ಡ ಗ್ರಂಥವನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದರು. ಅದರ ಹೆಸರು ಹಾರ್ಟಸ್ ಮಲಬಾರಿಕಸ್. ಯಾವ ಗಿಡ ಯಾವ ರೋಗಕ್ಕೆ ಎಂಬುದನ್ನು ಆ ಗ್ರಂಥಕ್ಕೆ ಹೇಳಿಕೊಟ್ಟವರಲ್ಲಿ ಮುಖ್ಯರಾದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು. ತಲೆತಲಾಂತರದಿಂದ ಮದ್ದು ಅರೆಯುತ್ತಿದ್ದ ಇಂಥ ಜನರ ಮಗನನ್ನೇ ವೈದ್ಯ ಕಲಿಯಲು ಬಾರದು ಎಂದು ತಡೆದರು ಎಂದರೆ ವಿಚಿತ್ರವಲ್ಲವೆ?

ಆ ಕಾಲದ ತಿರುವಾಂಕೂರಿನಲ್ಲಿ ಈಳವರು ದೇವಸ್ಥಾನದ ಒಳಗೆ ಹೋಗುವಂತಿರಲಿಲ್ಲ. ದೇವಸ್ಥಾನದ ಸುತ್ತಲಿನ ಕೆಲವು ಬೀದಿಗಳಲ್ಲಿ ನಡೆಯುವಂತೆಯೂ ಇರಲಿಲ್ಲ. ಅನೇಕ ಸರ್ಕಾರಿ ಶಾಲೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ಸರ್ಕಾರದ ಗೌರವದ ಹುದ್ದೆಗಳಂತೂ ಇಲ್ಲವೇ ಇಲ್ಲ. ಪಲ್ಪು ಅವರ ಅಣ್ಣ ವೇಲಾಯುಧನ್ ಕಷ್ಟಪಟ್ಟು ಬಿ.ಎ. ಪಾಸು ಮಾಡಿದರು. ಆಗ ಬಿ.ಎ. ಮಾಡಿದವರು ಬೆರಳೆಣಿಕೆಯಷ್ಟು ಮಂದಿ. ಆದರೂ ತಿರುವಾಂಕೂರು ಸರ್ಕಾರ ಅವರಿಗೆ ಕೆಲಸ ಕೊಡಲಿಲ್ಲ. ಅವರು ಮದ್ರಾಸಿಗೆ ಹೋಗಿ ಬ್ರಿಟಿಷರ ಸರ್ಕಾರದಲ್ಲಿ ನೌಕರಿ ಹಿಡಿದರು.

ಮನೆಯಲ್ಲಿ ಬಡತನ. ಪಲ್ಪು ಇಂಗ್ಲಿಷ್ ಕಲಿಯಲು ಆರಂಭಿಸಿದ್ದು ಹನ್ನೆರಡು ವರ್ಷದ ಸುಮಾರಿಗೆ. ನಿಮ್ಮಲ್ಲಿ ಏಳನೆಯ ತರಗತಿಯವರಿಗೆ ಈಗ ಅದೇ ವಯಸ್ಸು. ಇಂಗ್ಲಿಷ್ ಬಾರದೆ ವೈದ್ಯ ಕಾಲೇಜಿನ ಹತ್ತಿರಕ್ಕೂ ಹೋಗುವಂತಿರಲಿಲ್ಲ. ದೇಹದ ಮೂಳೆ, ನರ, ಸ್ನಾಯು, ಔಷಧ ಎಲ್ಲವನ್ನೂ ಆ ಭಾಷೆಯ ಪುಸ್ತಕಗಳಲ್ಲೇ ಓದಬೇಕಿತ್ತು. ಹುಡುಗ ತನಗಿಂತ ಚಿಕ್ಕವರಿಗೆ ಪಾಠ ಹೇಳಿ ನಾಲ್ಕು ಕಾಸು ಸಂಪಾದಿಸುತ್ತಾ ತನ್ನ ಓದನ್ನು ಮುಂದುವರಿಸಿದ. 1883ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆ ಪಾಸಾಯಿತು. ಆಗ ವಯಸ್ಸು ಇಪ್ಪತ್ತು. ಇಂದಿನ ಲೆಕ್ಕದಲ್ಲಿ ತಡವೇ ಸರಿ.

ಕಾಲೇಜಿನ ಓದಿಗೆ ಹಣ ಹೊಂದಿಸುವುದೇ ಕಷ್ಟವಾಗಿದ್ದ ಹೊತ್ತಿನಲ್ಲಿ ಒಂದು ಅವಕಾಶ ಕಾಣಿಸಿತು. ವೈದ್ಯ ಶಿಕ್ಷಣಕ್ಕೆ ಅಭ್ಯರ್ಥಿಗಳನ್ನು ಆರಿಸಲು ತಿರುವಾಂಕೂರು ಸರ್ಕಾರ 1884ರಲ್ಲಿ ಒಂದು ಪರೀಕ್ಷೆ ನಡೆಸಿತು. ಪಲ್ಪು ಅದಕ್ಕೆ ಸಿದ್ಧರಾದರು.

ಇಲ್ಲಿ ಸ್ವಲ್ಪ ನಿಂತು, ಅದೇ ದಿನಗಳಲ್ಲಿ ಬೇರೆ ಕಡೆ ಏನು ನಡೆಯುತ್ತಿತ್ತು ನೋಡಿ. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯರೋಗವನ್ನು ಉಂಟುಮಾಡುವ ರೋಗಾಣುವನ್ನು ಕಂಡುಹಿಡಿದರು. 1883ರ ಕೊನೆಯಲ್ಲಿ ಅವರೇ ಕಲ್ಕತ್ತೆಗೆ ಬಂದು ಕೆರೆಯ ನೀರನ್ನೂ ರೋಗಿಗಳನ್ನೂ ಪರೀಕ್ಷಿಸುತ್ತಾ ಕಾಲರಾ ರೋಗಾಣುವಿನ ಬೆನ್ನು ಹತ್ತಿದ್ದರು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಲಸಿಕೆ ಹಾಕಿ ಬದುಕಿಸಿದರು. ರೋಗಗಳು ದೇವರ ಶಾಪದಿಂದ ಬರುವುದಿಲ್ಲ, ಕಣ್ಣಿಗೆ ಕಾಣದ ಜೀವಿಗಳಿಂದ ಬರುತ್ತವೆ ಎಂಬ ಸಂಗತಿ ಒಂದೊಂದಾಗಿ ಸಿದ್ಧವಾಗುತ್ತಿತ್ತು. ವೈದ್ಯ ವಿಜ್ಞಾನ ಓದಲು ಅದಕ್ಕಿಂತ ಒಳ್ಳೆಯ ಕಾಲ ಅದುವರೆಗೆ ಬಂದಿರಲಿಲ್ಲ ಎಂದೇ ಹೇಳಬೇಕು.

ಪಲ್ಪು ಆ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆದರೆ ಆಯ್ಕೆಯಾದವರಲ್ಲಿ ಅವರನ್ನು ಸೇರಿಸಲಿಲ್ಲ. ಅಂಕ ಕಡಿಮೆ ಬಂದು ಸೀಟು ತಪ್ಪುವುದು ಒಂದು ಬಗೆ. ಆಗ ಇನ್ನೂ ಚೆನ್ನಾಗಿ ಓದಿ ಮತ್ತೆ ಬರೆಯಬಹುದು. ಅಂಕ ಬಂದೂ ಜಾತಿಯ ಕಾರಣಕ್ಕೆ ಸೀಟು ತಪ್ಪಿದರೆ ಏನು ಮಾಡಬೇಕು? ಎಷ್ಟು ಓದಿದರೂ ಜಾತಿ ಬದಲಾಗುವುದಿಲ್ಲವಲ್ಲ. ಇಂದು ವೈದ್ಯ ಸೀಟಿಗಾಗಿ ನೀಟ್ ಪರೀಕ್ಷೆ ಬರೆಯುವ ಅಕ್ಕ ಅಣ್ಣಂದಿರು ನಿಮ್ಮ ಊರಿನಲ್ಲಿದ್ದರೆ ಅವರನ್ನು ಕೇಳಿ. ಫಲಿತಾಂಶದ ದಿನ ಅವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಹೇಳುತ್ತಾರೆ. ಪಲ್ಪು ಅವರ ವಿಷಯದಲ್ಲಿ ಫಲಿತಾಂಶ ಒಳ್ಳೆಯದೇ ಬಂದಿತ್ತು. ಅದು ಉಪಯೋಗಕ್ಕೆ ಬರಲಿಲ್ಲ, ಅಷ್ಟೆ.

ತಿರುವನಂತಪುರದಲ್ಲಿ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಮದ್ರಾಸ್. ಮದ್ರಾಸ್ ವೈದ್ಯಕೀಯ ಕಾಲೇಜು 1835ರಲ್ಲಿ ಶಾಲೆಯಾಗಿ ಆರಂಭವಾದದ್ದು. ಅದು ಬ್ರಿಟಿಷರ ಆಡಳಿತದಲ್ಲಿತ್ತು. ಅಲ್ಲಿ 1875ರಲ್ಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿದ್ದರು. ಈಳವರೆಂದು ತಡೆಯುವ ನಿಯಮ ಅಲ್ಲಿರಲಿಲ್ಲ. ಆದರೆ ತಿರುವನಂತಪುರಕ್ಕೆ ಆಗ ರೈಲಿರಲಿಲ್ಲ. ಬೆಟ್ಟಸಾಲಿನ ಆಚೆಗೆ ತಿರುನೆಲ್ವೇಲಿಯವರೆಗೆ ಹೋಗಬೇಕು, ಅಲ್ಲಿಂದ ರೈಲು. ಕಾಲೇಜು ಶುಲ್ಕ, ಪುಸ್ತಕ, ಊಟ, ವಸತಿ ಎಲ್ಲಕ್ಕೂ ಹಣ ಬೇಕು. ಮನೆಯವರ ನೆರವಿನಿಂದ ಹೇಗೋ ಹೊಂದಿಸಿಕೊಂಡು ಪಲ್ಪು ಮದ್ರಾಸಿಗೆ ಹೋದರು. ನಾಲ್ಕು ವರ್ಷ ಓದಿದರು. 1889ರ ಹೊತ್ತಿಗೆ ಎಲ್.ಎಂ.ಎಸ್. ಪದವಿ ಪಡೆದರು. ಔಷಧ ಕೊಡಲೂ ಶಸ್ತ್ರಚಿಕಿತ್ಸೆ ಮಾಡಲೂ ಪರವಾನಗಿ ಕೊಡುವ ಪದವಿ ಅದು.

ಕೊಳ್ಳೇಗಾಲ ಮತ್ತು ಹನೂರಿನ ಮಕ್ಕಳಿಗೆ ಇಲ್ಲಿ ಒಂದು ಮಾತು. ನಿಮ್ಮ ಊರುಗಳೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದವು. ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಂದಿನ ಹನೂರು ತಾಲ್ಲೂಕು ಅದರೊಳಗೇ ಇತ್ತು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಬಂದವು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿತ್ತು. ಅದು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಕೊಟ್ಟ ಜಹಗೀರು. ಇಂದು ಬಸ್ಸು ಅರ್ಧ ಗಂಟೆಯಲ್ಲಿ ದಾಟುವ ದಾರಿಯ ನಡುವೆ ಅಂದು ಎರಡು ಸರ್ಕಾರಗಳ ಗಡಿ. ಆದರೆ ವೈದ್ಯರಾಗಬೇಕೆಂದರೆ ಗಡಿಯ ಎರಡೂ ಕಡೆಯವರಿಗೆ ದಾರಿ ಒಂದೇ ಆಗಿತ್ತು, ಹೊರಗೆ ಮದ್ರಾಸಿಗೋ ಬೊಂಬಾಯಿಗೋ ಹೋಗಬೇಕು. ಮೈಸೂರು ಸಂಸ್ಥಾನದ ಸ್ವಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1924ರಲ್ಲಿ. ನಮ್ಮ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ.

ಪದವಿ ಪಡೆದ ಪಲ್ಪು ತಮ್ಮ ಊರಿನ ಸರ್ಕಾರಕ್ಕೆ ಕೆಲಸಕ್ಕಾಗಿ ಅರ್ಜಿ ಹಾಕಿದರು. ವೈದ್ಯರು ಸಿಗದೆ ಪರದಾಡುತ್ತಿದ್ದ ಕಾಲ ಅದು. ಆದರೂ ಕೆಲಸ ಸಿಗಲಿಲ್ಲ. ಕಾರಣ ಹಿಂದಿನದೇ. ಅಣ್ಣನಿಗೆ ಆದದ್ದು ತಮ್ಮನಿಗೂ ಆಯಿತು. ಆಗ ಮೈಸೂರು ಸಂಸ್ಥಾನ ಅವರನ್ನು ವೈದ್ಯಕೀಯ ಸೇವೆಗೆ ತೆಗೆದುಕೊಂಡಿತು. ಪಲ್ಪು ಬೆಂಗಳೂರಿಗೆ ಬಂದರು.

ಇಲ್ಲಿ ಅವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಸಿಡುಬಿನ ಲಸಿಕೆ ತಯಾರಿಕೆಯದು. ಸಿಡುಬು ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರ ಮುಖದ ತುಂಬ ಕಲೆ. ಕೆಲವರ ಕಣ್ಣೇ ಹೋಗುತ್ತಿತ್ತು. ಬಂದ ಮೇಲೆ ಗುಣಪಡಿಸುವ ಔಷಧವಿರಲಿಲ್ಲ. ಬರದಂತೆ ತಡೆಯುವುದೊಂದೇ ಉಪಾಯ. ಆ ಉಪಾಯವನ್ನು 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ತೋರಿಸಿಕೊಟ್ಟಿದ್ದರು. ಹಸುವಿನ ಕೆಚ್ಚಲಿನ ಮೇಲೆ ಏಳುವ ಗುಳ್ಳೆಯ ರಸವನ್ನು ಮನುಷ್ಯನ ತೋಳಿಗೆ ಗೀರಿ ಹಚ್ಚಿದರೆ ಅಲ್ಲಿ ಒಂದು ಗುಳ್ಳೆ ಎದ್ದು ವಾಸಿಯಾಗುತ್ತದೆ, ಆಮೇಲೆ ಸಿಡುಬು ಬರುವುದಿಲ್ಲ. ಅದು ಬೇಗನೆ ನಮ್ಮ ದೇಶಕ್ಕೂ ಬಂತು. 1802ರಲ್ಲಿ ಬೊಂಬಾಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಮೊದಲು ಹಾಕಿದರು. ಮೈಸೂರಿನ ಅರಮನೆಯ ರಾಣಿಯರೇ ಲಸಿಕೆ ಹಾಕಿಸಿಕೊಂಡು ಜನರಿಗೆ ಧೈರ್ಯ ಹೇಳಿದ್ದರೆಂದು, 1805ರಲ್ಲಿ ಥಾಮಸ್ ಹಿಕಿ ಬರೆದ ಒಂದು ಚಿತ್ರವನ್ನು ಆಧಾರವಾಗಿಟ್ಟುಕೊಂಡು ಇತಿಹಾಸಕಾರರು ಹೇಳುತ್ತಾರೆ.

ಆದರೆ ಲಸಿಕೆಯನ್ನು ಊರಿಂದ ಊರಿಗೆ ಒಯ್ಯುವುದು ಹೇಗೆ? ಅದೇ ದೊಡ್ಡ ತೊಡಕು. ನಮ್ಮ ಬಿಸಿಲಿಗೆ ಲಸಿಕೆಯ ರಸ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಶೀತಕ ಪೆಟ್ಟಿಗೆ ಇಲ್ಲ, ಮಂಜುಗಡ್ಡೆ ಇಲ್ಲ. ಹಿಂದಿನ ಕಾಲದಲ್ಲಿ ಒಂದು ಊರಿನ ಮಗುವಿಗೆ ಲಸಿಕೆ ಹಾಕಿ, ಅದರ ತೋಳಿನಲ್ಲಿ ಗುಳ್ಳೆ ಎದ್ದಾಗ ಆ ಮಗುವನ್ನೇ ಪಕ್ಕದ ಊರಿಗೆ ಕರೆದುಕೊಂಡು ಹೋಗಿ, ಆ ಗುಳ್ಳೆಯ ರಸವನ್ನು ಅಲ್ಲಿನ ಮಕ್ಕಳಿಗೆ ಹಾಕುತ್ತಿದ್ದರು. ಮಗುವೇ ಲಸಿಕೆಯ ಬಾಟಲಿ! ತಾಯಂದಿರು ಇದಕ್ಕೆ ಒಪ್ಪುತ್ತಿರಲಿಲ್ಲ, ಒಪ್ಪದಿದ್ದುದು ಸರಿಯೇ. ಗುಳ್ಳೆ ಕೀಳಿಸಿಕೊಂಡ ಮಗುವಿಗೆ ನೋವು. ಒಬ್ಬರ ರಕ್ತದ ರೋಗ ಇನ್ನೊಬ್ಬರಿಗೆ ಅಂಟುವ ಅಪಾಯವೂ ಇತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಕರುವಿನ ಮೇಲೆ ಲಸಿಕೆ ಬೆಳೆಯುವ ವಿಧಾನ. ಅದು ನಡೆಯುತ್ತಿದ್ದುದು ಹೀಗೆ. ಆರೋಗ್ಯವಾಗಿರುವ ಒಂದು ಕರುವನ್ನು ಆರಿಸಿ ಹೊಟ್ಟೆಯ ಭಾಗದ ಕೂದಲನ್ನು ಬೋಳಿಸಿ ಚೆನ್ನಾಗಿ ತೊಳೆಯುತ್ತಾರೆ. ಚರ್ಮದ ಮೇಲೆ ಬಹಳ ತೆಳುವಾಗಿ ಗೆರೆಗಳನ್ನು ಗೀರಿ ಅದರ ಮೇಲೆ ಹಿಂದಿನ ಲಸಿಕೆಯನ್ನು ಸವರುತ್ತಾರೆ. ಐದಾರು ದಿನಗಳಲ್ಲಿ ಆ ಗೆರೆಗಳುದ್ದಕ್ಕೂ ಗುಳ್ಳೆಗಳು ಏಳುತ್ತವೆ. ಅವನ್ನು ಕೆರೆದು ತೆಗೆದು, ಗ್ಲಿಸರಿನ್ ಸೇರಿಸಿ ನುಣ್ಣಗೆ ಅರೆಯುತ್ತಾರೆ. ಗ್ಲಿಸರಿನ್ ಏಕೆ ಗೊತ್ತೆ? ಅದರಲ್ಲಿ ಬೇರೆ ಕೆಟ್ಟ ರೋಗಾಣುಗಳು ನಿಧಾನವಾಗಿ ಸಾಯುತ್ತವೆ, ಲಸಿಕೆಯ ಸತ್ವ ಮಾತ್ರ ಹೆಚ್ಚು ದಿನ ಉಳಿಯುತ್ತದೆ. ಆಮೇಲೆ ಅದನ್ನು ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿ ಬಾಯಿ ಮುಚ್ಚಿ ಊರೂರಿಗೆ ಕಳಿಸುತ್ತಾರೆ. ಕರು ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ದಾಕು ಹಾಕುವವರು ಮಗುವಿನ ತೋಳಿಗೆ ಅದನ್ನು ಗೀರಿ ಹಚ್ಚಿ, ವಾರದ ಮೇಲೆ ಮತ್ತೆ ಬಂದು ಗುಳ್ಳೆ ಎದ್ದಿದೆಯೇ ಎಂದು ನೋಡಬೇಕು. ಎದ್ದಿದ್ದರೆ ಲಸಿಕೆ ಹತ್ತಿತು ಎಂದರ್ಥ. ಏಳದಿದ್ದರೆ ಲಸಿಕೆ ದಾರಿಯಲ್ಲೇ ಸತ್ತಿದೆ, ಮತ್ತೆ ಹಾಕಬೇಕು.

ಈ ಕೆಲಸದಲ್ಲಿ ಹೆಸರು ಬರುವುದಿಲ್ಲ. ಚೊಕ್ಕಟತನದಲ್ಲಿ ಒಂದು ದಿನ ತಪ್ಪಿದರೆ ಮಕ್ಕಳ ತೋಳು ಕೀವಾಗುತ್ತದೆ, ಒಂದು ಊರಿನಲ್ಲಿ ಕೀವಾದರೆ ಹತ್ತು ಊರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಪಲ್ಪು ಬೆಂಗಳೂರಿನಲ್ಲಿ ಇದರ ಹೊಣೆ ಹೊತ್ತರು. ಸಂಸ್ಥಾನದ ಹಳ್ಳಿಗಳಿಗೆ ಲಸಿಕೆ ಒದಗಿಸುವುದು ಮೈಸೂರು ಸರ್ಕಾರದ ಕೆಲಸ, ಕೊಳ್ಳೇಗಾಲ ಹನೂರಿನ ಕಡೆಗೆ ಮದ್ರಾಸ್ ಸರ್ಕಾರದ ಕೆಲಸ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ ಇಂದು ಆರೋಗ್ಯ ಕಾರ್ಯಕರ್ತೆಯರು ಹೆಗಲಿಗೆ ತೂಗುಹಾಕಿಕೊಂಡು ಹೋಗುವ ಲಸಿಕೆ ಪೆಟ್ಟಿಗೆಯಲ್ಲಿ ಮಂಜಿನ ಪೊಟ್ಟಣಗಳಿರುತ್ತವೆ. ಮುಂದಿನ ಸಲ ಅಂಗನವಾಡಿಯಲ್ಲಿ ಲಸಿಕೆ ಹಾಕುವಾಗ ಅದನ್ನು ತೋರಿಸಿರೆಂದು ಕೇಳಿ. ಪಲ್ಪು ಅವರ ಕಾಲದಲ್ಲಿ ಆ ಪೆಟ್ಟಿಗೆ ಇದ್ದಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿದ್ದರು.

1898ರಲ್ಲಿ ಇದಕ್ಕಿಂತ ಭಯಂಕರವಾದ ಪರೀಕ್ಷೆ ಬಂತು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಗೆ ಬಂದು, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಮೊದಲು ಮನೆಯ ಅಟ್ಟದಿಂದ ಇಲಿಗಳು ಸತ್ತು ಬೀಳುತ್ತಿದ್ದವು. ಆಮೇಲೆ ಮನೆಯವರಿಗೆ ಜ್ವರ, ತೊಡೆಸಂದಿಯಲ್ಲೋ ಕಂಕುಳಿನಲ್ಲೋ ಗಡ್ಡೆ. ಕೆಲವೇ ದಿನಗಳಲ್ಲಿ ಸಾವು. ಜನ ಮನೆ ಬಿಟ್ಟು ಓಡಿದರು. ಪೇಟೆಯ ಬೀದಿಗಳು ಬರಿದಾದವು. ರೋಗಿಗಳನ್ನು ಮುಟ್ಟಲು ಸ್ವಂತ ಬಂಧುಗಳೇ ಹೆದರುತ್ತಿದ್ದರು.

ಪ್ಲೇಗಿನ ರೋಗಾಣುವನ್ನು 1894ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಕಂಡುಹಿಡಿದಿದ್ದರು. ಆದರೆ ಅದು ಮನುಷ್ಯನಿಗೆ ಹೇಗೆ ದಾಟುತ್ತದೆ ಎಂಬುದು ಆಗಿನ್ನೂ ಖಚಿತವಾಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ದೂತ ಎಂದು ಪಾಲ್ ಲೂಯಿ ಸಿಮೋಂ ಅದೇ 1898ರಲ್ಲಿ ಹೇಳಿದರು, ಎಲ್ಲರೂ ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಇಲಿ ಸತ್ತಾಗ ಚಿಗಟ ಅದರ ತಣ್ಣನೆಯ ಮೈಯನ್ನು ಬಿಟ್ಟು ಮನುಷ್ಯನ ಮೇಲೆ ಹಾರುತ್ತದೆ, ಕಚ್ಚುತ್ತದೆ. ಇದು ತಿಳಿಯದೆ ವೈದ್ಯರು ತಮಗೆ ತೋಚಿದ್ದನ್ನೆಲ್ಲ ಮಾಡಿದರು. ಮನೆಯ ಗೋಡೆಗಳಿಗೆ ಸುಣ್ಣ ಬಳಿಸಿದರು, ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು, ರೋಗಿಗಳನ್ನು ಊರ ಹೊರಗಿನ ಶಿಬಿರಗಳಲ್ಲಿ ಇರಿಸಿದರು. ಹಳೆಯ ಮೈಸೂರಿನ ಹಳ್ಳಿಗರು ಮಾಡಿದ ಕೆಲಸ ಇದಕ್ಕಿಂತ ಜಾಣತನದ್ದು ಎನ್ನಬಹುದು. ಇಲಿ ಬಿದ್ದ ಕೂಡಲೇ ಅವರು ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಚಿಗಟದ ವಿಷಯ ಅವರಿಗೂ ಗೊತ್ತಿರಲಿಲ್ಲ. ಆದರೆ ಇಲಿಯಿಂದ ದೂರ ಹೋದರೆ ಚಿಗಟದಿಂದಲೂ ದೂರ ಹೋದಂತೆಯೇ ತಾನೆ?

ಬೆಂಗಳೂರಿನ ಪ್ಲೇಗು ಶಿಬಿರದ ಹೊಣೆಗಾರಿಕೆ ಪಲ್ಪು ಅವರ ಪಾಲಿಗೆ ಬಂತು. ಓಡಿಹೋಗಲು ಅವರಿಗೆ ಎಲ್ಲ ಕಾರಣಗಳೂ ಇದ್ದವು. ಹೆಂಡತಿ ಮಕ್ಕಳಿದ್ದರು. ಇದು ಅವರ ಸ್ವಂತ ನಾಡಲ್ಲ. ಗುಳಿಗೆಯಾಗಲಿ ಚುಚ್ಚುಮದ್ದಾಗಲಿ ಪ್ಲೇಗನ್ನು ವಾಸಿಮಾಡುವಂಥದು ಆಗ ಯಾವುದೂ ಇರಲಿಲ್ಲ. ಬರದಂತೆ ತಡೆಯಲು ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಬೊಂಬಾಯಿಯಲ್ಲಿ ಒಂದು ಲಸಿಕೆ ತಯಾರಿಸಿ ಮೊದಲು ತಮಗೇ ಚುಚ್ಚಿಕೊಂಡು ನೋಡಿದ್ದರು, ಅಷ್ಟೆ. ಆದರೂ ಪಲ್ಪು ಶಿಬಿರದಲ್ಲಿ ನಿಂತರು. ದಿನವೂ ರೋಗಿಗಳ ನಡುವೆ, ಹೆಣಗಳ ನಡುವೆ ಕೆಲಸ ಮಾಡಿದರು. ತಮ್ಮ ಊರಿನವರು ಹತ್ತಿರ ಬರಬಾರದೆಂದು ದೂರ ಇಟ್ಟಿದ್ದ ಕೈಗಳಿಂದಲೇ, ಸ್ವಂತ ಬಂಧುಗಳೂ ಮುಟ್ಟಲು ಹೆದರಿದ ರೋಗಿಗಳನ್ನು ಮುಟ್ಟಿ ನೋಡಿದರು.

ಈ ಪ್ಲೇಗಿನಿಂದ ಇನ್ನೊಬ್ಬರ ಓದೂ ನಿಂತಿತು. ಆ ದಿನಗಳಲ್ಲಿ ಪಲ್ಪು ಅವರ ಆಶ್ರಯದಲ್ಲಿ ಕೇರಳದ ಒಬ್ಬ ಯುವಕ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ. ಪ್ಲೇಗು ಬಂದು ಅವನು ಊರು ಬಿಡಬೇಕಾಯಿತು. ಅವನೇ ಮುಂದೆ ಮಲಯಾಳದ ಮಹಾಕವಿಯಾದ ಕುಮಾರನ್ ಆಶಾನ್. ಬೆಂಗಳೂರು ನಗರವೂ ಬದಲಾಯಿತು. ಗಾಳಿ ಬೆಳಕು ಬರುವಂತೆ ಅಗಲವಾದ ಬೀದಿಗಳಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಪ್ಲೇಗಿನ ನಂತರ ಬೆಳೆದವು. ಪ್ಲೇಗಿನಮ್ಮನ ಗುಡಿಗಳೂ ಎದ್ದವು, ಕೆಲವು ಇಂದಿಗೂ ಇವೆ. ನೀವು ಬೆಂಗಳೂರಿಗೆ ಹೋದಾಗ ಕಾಣಬಹುದು.

ಪ್ಲೇಗಿನ ಕೆಲಸ ಮುಗಿದ ಮೇಲೆ ಮೈಸೂರು ಸರ್ಕಾರ ಪಲ್ಪು ಅವರನ್ನು ಹೆಚ್ಚಿನ ಓದಿಗಾಗಿ ಇಂಗ್ಲೆಂಡಿಗೆ ಕಳಿಸಿತು. ಹುಟ್ಟಿದ ಊರಿನಲ್ಲಿ ವೈದ್ಯ ಕಲಿಯಲು ಜಾಗ ಸಿಗದಿದ್ದವರು ಕೇಂಬ್ರಿಡ್ಜ್‌ನಲ್ಲಿ ಸಾರ್ವಜನಿಕ ಆರೋಗ್ಯ ಕುರಿತ ಡಿಪ್ಲೊಮಾ ಪಡೆದು ಬಂದರು. ಸಾರ್ವಜನಿಕ ಆರೋಗ್ಯ ಎಂದರೆ ಒಬ್ಬ ರೋಗಿಯನ್ನು ಗುಣಪಡಿಸುವುದಕ್ಕಿಂತ ಊರಿಗೆ ಊರೇ ರೋಗ ಬೀಳದಂತೆ ನೋಡಿಕೊಳ್ಳುವ ವಿದ್ಯೆ. ಕುಡಿಯುವ ನೀರು, ಚರಂಡಿ, ಲಸಿಕೆ, ಮನೆಗಳ ಗಾಳಿ ಬೆಳಕು ಎಲ್ಲ ಅದರಲ್ಲಿ ಸೇರುತ್ತವೆ. ಹಿಂತಿರುಗಿ ಬಂದು ಅವರು ಮೈಸೂರಿನ ಆರೋಗ್ಯ ಇಲಾಖೆಯಲ್ಲೇ ಕೆಲಸ ಮುಂದುವರಿಸಿದರು. ನಿವೃತ್ತರಾದದ್ದು 1920ರಲ್ಲಿ.

ಹಾಗಾದರೆ ಅವರು ತಮ್ಮ ಊರನ್ನು ಮರೆತರೆ? ಇಲ್ಲ. ಬೆಂಗಳೂರಿನ ಸಂಬಳದಿಂದ ಉಳಿಸಿದ ಹಣವನ್ನು ತಿರುವಾಂಕೂರಿನ ಹೋರಾಟಕ್ಕೆ ಸುರಿದರು. 1891ರಲ್ಲಿ ಮಲಯಾಳಿಗಳಿಗೆ ಸರ್ಕಾರಿ ಕೆಲಸ ಬೇಕೆಂದು ಹತ್ತು ಸಾವಿರಕ್ಕೂ ಹೆಚ್ಚು ಜನ ಮಹಾರಾಜರಿಗೆ ಮನವಿ ಸಲ್ಲಿಸಿದಾಗ ಮೊದಲ ಸಹಿಗಳಲ್ಲಿ ಪಲ್ಪು ಅವರದೂ ಇತ್ತು. ಅದರಿಂದ ಈಳವರಿಗೆ ಏನೂ ದಕ್ಕಲಿಲ್ಲ. 1896ರಲ್ಲಿ ಅವರೇ ಮುಂದೆ ನಿಂತು 13,176 ಜನರ ಸಹಿಯೊಂದಿಗೆ ಇನ್ನೊಂದು ಮನವಿ ಕೊಟ್ಟರು. ಶಾಲೆಗಳನ್ನೂ ಕೆಲಸಗಳನ್ನೂ ನಮಗೂ ತೆರೆಯಿರಿ ಎಂಬುದು ಅದರ ಸಾರ. ಹದಿಮೂರು ಸಾವಿರ ಸಹಿ ಎಂದರೆ ಎಷ್ಟು ಊರು ತಿರುಗಬೇಕು, ಯೋಚಿಸಿ. ಓದುಬರಹ ಬಲ್ಲವರೇ ಕಡಿಮೆ ಇದ್ದ ಕಾಲ ಅದು. ಆ ಮನವಿಗೂ ಸರ್ಕಾರ ಒಪ್ಪಲಿಲ್ಲ.

ಮೈಸೂರು ಸೀಮೆಗೆ 1892ರಲ್ಲಿ ಬಂದಿದ್ದ ಸ್ವಾಮಿ ವಿವೇಕಾನಂದರನ್ನು ಪಲ್ಪು ಕಂಡು ತಮ್ಮ ಜನರ ಕಷ್ಟವನ್ನು ಹೇಳಿಕೊಂಡರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮನವಿಗಳಿಂದ ಕೆಲಸವಾಗದು, ಜನರು ನಂಬುವ ಒಬ್ಬ ಸಂತರನ್ನು ಮುಂದಿಟ್ಟುಕೊಂಡು ಸಂಘಟನೆ ಮಾಡಬೇಕು ಎಂಬ ಆಲೋಚನೆ ಬಲಿತದ್ದು ಆಗಿನಿಂದ. ಆ ಸಂತರು ನಾರಾಯಣ ಗುರುಗಳು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಗುರುಗಳು ಅಧ್ಯಕ್ಷರು, ಕುಮಾರನ್ ಆಶಾನ್ ಕಾರ್ಯದರ್ಶಿ, ಹಿಂದೆ ನಿಂತು ದುಡಿದವರು ಪಲ್ಪು. ಅವರ ಮಗ, 1895ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ನಟರಾಜನ್, ಮುಂದೆ ನಾರಾಯಣ ಗುರುಗಳ ಶಿಷ್ಯರಾಗಿ ನಟರಾಜ ಗುರು ಎಂದು ಹೆಸರಾದರು.

ಕೇರಳದ ಪುಸ್ತಕಗಳಲ್ಲಿ ಪಲ್ಪು ಎಂದರೆ ಸಮಾಜ ಸುಧಾರಕರು. ಕರುವಿನ ಲಸಿಕೆ, ಪ್ಲೇಗು ಶಿಬಿರ ಇವೆಲ್ಲ ಅಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತವೆ. ನಮ್ಮ ಪುಸ್ತಕಗಳಲ್ಲಿ ಅವರ ಹೆಸರೇ ಅಪರೂಪ. ಎರಡೂ ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಸುಮಾರು ಮೂವತ್ತು ವರ್ಷ ಅವರು ದುಡಿದದ್ದು ಈ ನಾಡಿನ ಜನರಿಗಾಗಿ. ಹಾಗೆಂದು ಆಗಿನ ಮೈಸೂರಿನಲ್ಲಿ ಎಲ್ಲ ಬಾಗಿಲುಗಳೂ ಎಲ್ಲರಿಗೂ ತೆರೆದಿದ್ದವು ಎಂದು ತಿಳಿಯಬೇಡಿ. ಓದಿನಲ್ಲೂ ಸರ್ಕಾರಿ ಕೆಲಸದಲ್ಲೂ ಹಿಂದುಳಿದವರಿಗೆ ಪಾಲು ಸಿಗುತ್ತಿಲ್ಲವೆಂದು ಇಲ್ಲಿನವರೂ ಕೇಳಬೇಕಾಯಿತು. ಅದನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹೊರಗಿನಿಂದ ಬಂದ ವೈದ್ಯರೊಬ್ಬರಿಗೆ ಕೆಲಸ ಸಿಕ್ಕ ಊರಿನಲ್ಲೇ, ಒಳಗಿನ ಹಳ್ಳಿಯ ಮಕ್ಕಳು ಶಾಲೆಯ ಹೊರಗೆ ನಿಂತಿದ್ದರು.

ನಿವೃತ್ತಿಯ ನಂತರ ಪಲ್ಪು ಬಹಳ ಕಾಲ ಬದುಕಿದರು. ದೇಶ ಸ್ವತಂತ್ರವಾದುದನ್ನು ಕಂಡರು. ಅವರು ತೀರಿಕೊಂಡದ್ದು 1950ರ ಜನವರಿ 25ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ. ಮರುದಿನ ಜನವರಿ 26ರಂದು ಭಾರತದ ಸಂವಿಧಾನ ಜಾರಿಗೆ ಬಂತು. ಅದರ 29ನೆಯ ವಿಧಿಯನ್ನು ನಿಮ್ಮ ಶಿಕ್ಷಕರಿಂದ ಕೇಳಿ ತಿಳಿಯಿರಿ. ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ಯಾವ ಶಾಲೆ ಕಾಲೇಜಿನಲ್ಲೂ, ಕೇವಲ ಧರ್ಮ, ಜನಾಂಗ, ಜಾತಿ ಅಥವಾ ಭಾಷೆಯ ಕಾರಣಕ್ಕೆ ಯಾವ ಪ್ರಜೆಗೂ ಪ್ರವೇಶ ನಿರಾಕರಿಸಬಾರದು ಎಂದು ಅದು ಹೇಳುತ್ತದೆ.